ಚಂದ್ರಿಕೆ, ಹಾಲಿನ ಕ್ಯಾನು, ದಪ್ಪ ಮೆಣಸಿನಕಾಯಿ: ನಾನು ಕಂಪೋಸಿಷನ್ ಅಭ್ಯಾಸ ಮಾಡಿದ ಬಗೆ

ಫೋಟೊ ಕಂಪೋಸಿಷನ್, ಅಂದರೆ ಫ್ರೇಮಿನಲ್ಲಿ ಯಾವುದು ಎಲ್ಲಿರಬೇಕು ಅನ್ನೋದನ್ನು ಕಲಿಯೋಕೆ ನಂದಿ ಬೆಟ್ಟ ಹತ್ತಬೇಕಾಗಿಲ್ಲ. ಅಲ್ಲಿನ ಸೂರ್ಯೋದಯ ತಾನಾಗಿಯೇ ಚೆನ್ನಾಗಿರುತ್ತದೆ, ಎಲ್ಲಿ ನಿಂತು ತೆಗೆದರೂ ನೋಡಿದವರು ಮೆಚ್ಚುತ್ತಾರೆ, ಹಾಗಾಗಿ ಅದರಲ್ಲಿ ನಮ್ಮ ಕೆಲಸ ಎಷ್ಟು ಅನ್ನೋದು ನಮಗೇ ತಿಳಿಯುವುದಿಲ್ಲ. ನಾನು ನಮ್ಮ ಶಿಡ್ಲಘಟ್ಟದ ಬೀದಿಯಲ್ಲಿ ಗೋಡೆಗೆ ಒರಗಿಸಿಟ್ಟ ಚಂದ್ರಿಕೆಯಿಂದ ಶುರು ಮಾಡಿದೆ. ಎರಡು ಹೆಜ್ಜೆ ಆಚೀಚೆ ಆದರೆ ಸಾಕು, ಅದರ ಫೋಟೊ ಪೂರ್ತಿ ಬದಲಾಗುತ್ತದೆ.

ರೇಷ್ಮೆ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗೆ: ಚಂದ್ರಿಕೆ ಅಂದರೆ ಒಂದು ಆಳೆತ್ತರದ ಬಿದಿರಿನ ಚಾಪೆ. ಅದರ ಮೇಲೆ ಬಿದಿರಿನ ತೆಳು ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಹಣ್ಣಾದ, ಅಂದರೆ ಗೂಡು ಕಟ್ಟೋಕೆ ತಯಾರಾದ ರೇಷ್ಮೆ ಹುಳುಗಳನ್ನು ಬಿಟ್ಟರೆ ಆ ಸಂದುಗಳಲ್ಲಿ ಗೂಡು ಕಟ್ಟುತ್ತವೆ.

ಮೊದಲು ಫೋನ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಗ್ರಿಡ್ ಆನ್ ಮಾಡಿಕೊಂಡೆ. ಒಂಬತ್ತು ಮನೆ, ಗೆರೆಗಳು ಕೂಡುವ ನಾಲ್ಕು ಜಾಗ. ಮುಖ್ಯವಾದದ್ದನ್ನು ಆ ನಾಲ್ಕರಲ್ಲಿ ಒಂದು ಕಡೆ ಇಡಿ ಅನ್ನುವುದೇ ರೂಲ್ ಆಫ್ ಥರ್ಡ್ಸ್. ಈ ಹೆಸರನ್ನು 1797ರಲ್ಲೇ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲೆಂಡಿನ ಕಲಾವಿದ ಬರೆದಿಟ್ಟರು. ಅವರು ಹೇಳಿದ್ದು ಚಿತ್ರಕಲೆಯ ಬಗ್ಗೆ: ಆಕಾಶ, ನೆಲ ಎರಡಕ್ಕೂ ಸಮಪಾಲು ಕೊಡಬೇಡಿ, ಒಂದಕ್ಕೆ ಮೂರರಲ್ಲಿ ಎರಡು ಪಾಲು ಬಿಡಿ. ಸುರುಳಿಗೆ ಈ ನಿಯಮ ಹಾಗೇ ಹೊಂದುವುದಿಲ್ಲ. ಇಡೀ ಚಂದ್ರಿಕೆ ಹಿಡಿದು ಅದರ ನಡುವನ್ನು ಆ ನಾಲ್ಕರಲ್ಲಿ ಒಂದು ಜಾಗಕ್ಕೆ ತಂದರೆ ಇನ್ನೊಂದು ಪಕ್ಕದಲ್ಲಿ ಖಾಲಿ ಗೋಡೆ ಸುಮ್ನೆ ಉಳಿಯುತ್ತದೆ. ಹತ್ತಿರ ಹೋಗಿ ಚಾಪೆಯ ಅಂಚುಗಳನ್ನೆಲ್ಲ ಫ್ರೇಮಿನಿಂದ ಹೊರಗೆ ಬಿಟ್ಟು, ಸುರುಳಿಯ ನಡುವನ್ನು ಎಡಗಡೆ ಕೆಳಗಿನ ಜಾಗಕ್ಕೆ ತಂದಾಗ ಮಾತ್ರ ಫೋಟೊಗೆ ಜೀವ ಬಂತು. ಸುತ್ತುಗಳು ಫ್ರೇಮಿನ ಒಳಗೆ ಮುಗಿಯದಿದ್ದರೆ ನೋಡುವವರ ಕಣ್ಣು ಅವುಗಳ ಜೊತೆ ಹೊರಗೂ ಹೋಗುತ್ತದೆ, ಅಲ್ವಾ? ಬೆಳಿಗ್ಗೆ ಎಳೆಬಿಸಿಲು ಪಕ್ಕದಿಂದ ಬೀಳುವಾಗ ತೆಗೆಯಿರಿ. ಒಂದೊಂದು ಪಟ್ಟಿಯ ನೆರಳೂ ಪಕ್ಕದ ಸಂದಿಗೆ ಬಿದ್ದು ಆಳ ಕಾಣುತ್ತದೆ. ಮೋಡ ಮುಚ್ಚಿದ ದಿನ ಅದೇ ಚಂದ್ರಿಕೆ ಚಪ್ಪಟೆ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪಾಠ ಹಿನ್ನೆಲೆ. ಅದನ್ನು ಕಲಿಸಿದ್ದು ಹಾಲಿನ ಡೈರಿ. ಬೆಳಿಗ್ಗೆ ಡೈರಿ ಮುಂದೆ ಜನ ಕ್ಯಾನುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಸ್ಟೀಲ್ ಕ್ಯಾನುಗಳ ಮಧ್ಯೆ ಒಂದು ನೀಲಿ ಪ್ಲಾಸ್ಟಿಕ್ ಡಬ್ಬ ಇತ್ತು ಅಂದುಕೊಳ್ಳಿ, ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಕ್ಯಾನುಗಳ ಸಾಲು ಚೆಂದವೇ. ಆದರೆ ಹಿಂದೆ ನಿಲ್ಲಿಸಿದ ಬೈಕು, ಕರೆಂಟ್ ಕಂಬ, ಪೋಸ್ಟರ್ ಎಲ್ಲಾ ಸೇರಿಕೊಂಡರೆ ಯಾವುದನ್ನು ನೋಡಬೇಕೋ ಗೊತ್ತಾಗುವುದಿಲ್ಲ. ಅದಕ್ಕೇ ಈಗ ಮೊದಲು ಹಿನ್ನೆಲೆ ಹುಡುಕುತ್ತೇನೆ, ವಸ್ತು ಆಮೇಲೆ. ಡೈರಿಯ ಪಕ್ಕದ ಗೋಡೆ ಸುಣ್ಣ ಬಳಿದದ್ದು, ಖಾಲಿ. ಅದು ಹಿಂದೆ ಬರುವ ಹಾಗೆ ಮೊಣಕಾಲೂರಿ ಕೂತರೆ ಸಾಕು, ಅದೇ ಕ್ಯಾನುಗಳು ಎದ್ದು ಕಾಣುತ್ತವೆ.

ಫೋನಿನವರಿಗೆ ಇಲ್ಲಿ ಒಂದು ಮಾತು. ಲೆನ್ಸ್‌ನ ಎಂಎಂ ಕಡಿಮೆಯಾದಷ್ಟೂ ಅದು ಹಿಡಿಯುವ ಅಗಲ ಜಾಸ್ತಿ. ಫೋನಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ ಫುಲ್ ಫ್ರೇಮ್ ಕ್ಯಾಮೆರಾದ 24ರಿಂದ 26 ಎಂಎಂ ಲೆನ್ಸ್‌ಗೆ ಸಮ, ಅಂದರೆ ಅಗಲ ಜಾಸ್ತಿ, ಬೇಡದ್ದೆಲ್ಲ ಒಳಗೆ ಬರುತ್ತದೆ. ಎರಡು ಪಟ್ಟು ಜೂಮ್ ಹಾಕಿ ನಾಲ್ಕು ಹೆಜ್ಜೆ ಹಿಂದೆ ಹೋಗಿ. ವಸ್ತು ಅಷ್ಟೇ ದೊಡ್ಡದಾಗಿರುತ್ತದೆ, ಹಿಂದಿನ ಗೋಡೆಯ ಸ್ವಲ್ಪ ಭಾಗ ಮಾತ್ರ ಉಳಿಯುತ್ತದೆ. ಅದು ಸುಮಾರು 50 ಎಂಎಂ ಆಯಿತು. ಪ್ಯಾರಿಸ್‌ನಲ್ಲಿ ಆಂದ್ರೆ ಲೋತ್ ಬಳಿ ಚಿತ್ರಕಲೆ ಕಲಿತು ಫೋಟೊಗೆ ಬಂದ ಫ್ರಾನ್ಸಿನ ಫೋಟೊಗ್ರಾಫರ್ ಕಾರ್ಟಿಯೆ-ಬ್ರೆಸೊನ್ ಬಹುಪಾಲು 50 ಎಂಎಂ ಲೆನ್ಸ್‌ನಲ್ಲೇ ಕೆಲಸ ಮಾಡಿದರು. ನಾನೂ ಅಭ್ಯಾಸದ ದಿನಗಳಲ್ಲಿ ಜೂಮ್ ಬದಲಿಸುವುದಿಲ್ಲ. ಎಷ್ಟು ದೂರ ನಿಂತರೆ ಏನೇನು ಹಿಡಿಸುತ್ತದೆ ಅಂತ ಫೋನ್ ತೆಗೆಯುವ ಮೊದಲೇ ತಿಳಿಯುತ್ತದೆ.

ಮಳೆ ಇದ್ದರೆ ಅಡುಗೆಮನೆ. ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದಪ್ಪ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದ ಫೋಟೊ ಈಗಲೂ ಜನ ನೋಡುತ್ತಾರೆ. ಹಿನ್ನೆಲೆಯ ಗಲಾಟೆ ಇಲ್ಲ, ಬರೀ ಕಾಯಿಯ ಮಡಿಕೆ, ಉಬ್ಬು. ನಮ್ಮ ಕಡೆ ದಪ್ಪ ಮೆಣಸಿನಕಾಯಿಗೆ ಬರವಿಲ್ಲ. ನಾನು ಕಬ್ಬಿಣದ ರೊಟ್ಟಿ ಹೆಂಚನ್ನು ಗೋಡೆಗೆ ಆನಿಸಿ ನಿಲ್ಲಿಸಿ ಅದರ ಮುಂದೆ ಕಾಯಿ ಇಡುತ್ತೇನೆ. ಸ್ಟೀಲ್ ತಟ್ಟೆ ಮಿಂಚುತ್ತದೆ, ಹಳೇ ಹೆಂಚು ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ಕತ್ತಲು ಜಾಸ್ತಿಯಾದರೆ ಬಿಳಿ ಹಾಳೆ ಹಿಡಿಯಿರಿ, ನೆರಳಿನ ಭಾಗದ ಮಡಿಕೆಗಳೂ ಕಾಣುತ್ತವೆ. ನೇರ ನಿಂತ ಕಾಯಿಗಿಂತ ಸೊಟ್ಟ ಕಾಯಿಯೇ ಒಳ್ಳೇದು. ಸಂತೆಯಲ್ಲಿ ಎಲ್ಲರೂ ಬಿಟ್ಟುಹೋದದ್ದನ್ನು ನಾನು ಆರಿಸಿ ತರುತ್ತೇನೆ.

ಮನುಷ್ಯರ ಫೋಟೊಗೆ ನಾನು ತಡವಾಗಿ, ಕೇಳಿಕೊಂಡೇ ಬಂದೆ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಗೂಡು ಬಿಡಿಸುತ್ತಿದ್ದರು. "ಅಜ್ಜಿ, ಒಂದು ಫೋಟೊ ತೆಗೀಲಾ?" ಅಂದೆ. "ನನ್ನ ಮುಖ ಯಾಕಪ್ಪ, ಗೂಡು ಹಿಡಿ" ಅಂದರು. ಮುಖ ಬಿಟ್ಟು ಕೈಗಳನ್ನಷ್ಟೇ ಹಿಡಿದೆ. ಹಳದಿ ಗೂಡು, ಬೆರಳಿಗೆ ಅಂಟಿದ ರೇಷ್ಮೆಯ ಎಳೆ, ಹಿಂದೆ ಚಂದ್ರಿಕೆಯ ಸುತ್ತುಗಳು. ನಾಲ್ಕೂ ಅಂಚು ನೋಡಿದೆ, ಬಳೆ ಅರ್ಧಕ್ಕೆ ಕತ್ತರಿಸಿಹೋಗುತ್ತಿತ್ತು, ಸ್ವಲ್ಪ ಹಿಂದೆ ಸರಿದು ಪೂರ್ತಿ ಒಳಗೆ ತಂದೆ.

ರಾತ್ರಿ ಗ್ಯಾಲರಿಯಲ್ಲಿ ಎಲ್ಲವನ್ನೂ ಚಿಕ್ಕದಾಗಿಯೇ ನೋಡುತ್ತೇನೆ. ಉಗುರಿನಷ್ಟು ಚಿಕ್ಕದರಲ್ಲೂ ಏನಿದೆ ಅಂತ ತಕ್ಷಣ ತಿಳಿದರೆ ಇಟ್ಟುಕೊಳ್ಳುತ್ತೇನೆ. ಅಂಚಿನಲ್ಲಿ ಏನೋ ಇಣುಕಿದ್ದರೆ ಕ್ರಾಪ್ ಮಾಡಬಹುದು, ಹಿನ್ನೆಲೆ ಕೆಟ್ಟಿದ್ದರೆ ಕ್ರಾಪ್‌ನಿಂದ ಏನೂ ಆಗಲ್ಲ. ಮಾರನೇ ಬೆಳಿಗ್ಗೆ ಕ್ಯಾನುಗಳು ಬರುವ ಹೊತ್ತಿಗೆ ಮತ್ತೆ ಹೋಗಬೇಕು.