ಕಾಳನ್ನು ಹೋಳಾಗಿಸದೆ ಬಿತ್ತಬೇಡಿ: ಕೊಡಗಿನ ಹಿತ್ತಿಲಿಗೆ ಕೊತ್ತಂಬರಿ

ಕಾಫಿ, ಮೆಣಸು, ಏಲಕ್ಕಿ ಬೆಳೆಯುವ ಕೊಡಗಿನ ಎಷ್ಟೋ ಮನೆಗಳಿಗೆ ಕೊತ್ತಂಬರಿ ಸೊಪ್ಪು ಮಾತ್ರ ಇಂದಿಗೂ ವಾರದ ಸಂತೆಯಿಂದಲೇ ಬರಬೇಕು. 'ನಮ್ಮ ಮಣ್ಣಿಗೆ ಅದು ಹಿಡಿಯುವುದಿಲ್ಲ' ಎಂಬ ಮಾತನ್ನು ಮಡಿಕೇರಿಯಲ್ಲೂ ಕೇಳಿದ್ದೇನೆ, ಗೋಣಿಕೊಪ್ಪದಲ್ಲೂ ಕೇಳಿದ್ದೇನೆ. ಹಾಗೆ ಹೇಳಿದವರು ಬಿತ್ತಿದ ಬಗೆಯನ್ನು ವಿಚಾರಿಸಿದರೆ ಹೆಚ್ಚುಕಡಿಮೆ ಒಂದೇ ಉತ್ತರ ಸಿಗುತ್ತದೆ: ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಕಾಳು ತೆಗೆದು, ಹಾಗೆಯೇ ಎರಚಿ, ಪೈಪಿನಿಂದ ನೀರು ಬಿಟ್ಟು, ವಾರದೊಳಗೆ ಏನೂ ಕಾಣದಿದ್ದಾಗ ಮಣ್ಣು ಕೆದಕಿ ನೋಡಿರುತ್ತಾರೆ.

ಬಿತ್ತನೆಗೆ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆಯಲಿ. ಅಲ್ಲಿಂದ ಜನವರಿಯವರೆಗಿನ ತಂಪು ಹವೆ ಈ ಗಿಡಕ್ಕೆ ಒಗ್ಗುತ್ತದೆ. ಮಳೆ ಕಡಿಮೆ ಇರುವ ಕುಶಾಲನಗರದ ಕಡೆಯವರು ಸ್ವಲ್ಪ ಮೊದಲೇ ಆರಂಭಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ಬಿತ್ತಿದರೆ ಸಸಿಯ ಬುಡ ಕೊಳೆಯುತ್ತದೆ. ಆ ತಿಂಗಳುಗಳಲ್ಲಿ ನೆರಳಿನಲ್ಲಿ, ಒದ್ದೆಯಲ್ಲಿ ತಾನಾಗಿ ಹಬ್ಬುವ, ಉದ್ದನೆಯ ಎಲೆಯ ಅಂಚಿನಲ್ಲಿ ಮುಳ್ಳಿನಂಥ ಹಲ್ಲುಗಳಿರುವ ಕಾಡುಕೊತ್ತಂಬರಿಯನ್ನೇ ಸಾರಿಗೆ ಹಾಕುವುದು ಒಳ್ಳೆಯದು.

ಜಾಗಕ್ಕೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲು ಬೀಳಬೇಕು. ಸಿಲ್ವರ್ ಓಕ್ ಮರಗಳ ದಟ್ಟ ನೆರಳಿನಲ್ಲಿ ಸೊಪ್ಪು ನರಪೇತಲವಾಗಿ ಮಲಗುತ್ತದೆ. ಒಂದು ಗೇಣು ಎತ್ತರದ ಮಡಿ ಮಾಡಿ, ಹೆಂಟೆಗಳನ್ನು ಪುಡಿಮಾಡಿ. ನಮ್ಮ ತೋಟಗಳ ಮಣ್ಣಿನಲ್ಲಿ ಸಾಮಾನ್ಯವಾಗಿ ಹುಳಿ ಹೆಚ್ಚು. ಆದ್ದರಿಂದ ಬಿತ್ತುವುದಕ್ಕೆ ಮೂರು ವಾರ ಮೊದಲು ಚದರ ಮೀಟರಿಗೆ 200 ಗ್ರಾಂನಷ್ಟು ಕೃಷಿ ಸುಣ್ಣವನ್ನು ಮಣ್ಣಿಗೆ ಬೆರೆಸಿ. ಸುಣ್ಣವನ್ನೂ ಸಗಣಿ ಗೊಬ್ಬರವನ್ನೂ ಒಂದೇ ದಿನ ಹಾಕಬಾರದು, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಗೊಬ್ಬರ ಬಿತ್ತನೆಗೆ ಮೂರ್ನಾಲ್ಕು ದಿನ ಮೊದಲು ಬೀಳಲಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಪಕ್ಕದ ಹಸಿ ಕಾಫಿ ಸಿಪ್ಪೆ ಪುಕ್ಕಟೆಯಾಗಿ ಸಿಗುತ್ತದೆಂದು ಅದನ್ನೇ ಮಡಿಗೆ ಸುರಿಯುವವರಿದ್ದಾರೆ. ಅದು ಮಣ್ಣಿನೊಳಗೆ ಕೊಳೆಯುವಾಗ ಕಾವು ಹೆಚ್ಚಿ ಎಳೆಯ ಬೇರನ್ನು ಸುಡುತ್ತದೆ. ಪೂರ್ತಿ ಕಳಿತು ಕಪ್ಪಾಗಿ, ಮಣ್ಣಿನ ವಾಸನೆ ಬಂದ ಸಿಪ್ಪೆಯಾದರೆ ಮಾತ್ರ ಬಳಸಿ.

ಬೀಜದ ವಿಷಯದಲ್ಲಿ ಹೆಸರಿಲ್ಲದ ಬಣ್ಣದ ಪೊಟ್ಟಣಗಳನ್ನು ನಾನು ಕೊಳ್ಳುವುದಿಲ್ಲ. ತಯಾರಾದ ದಿನಾಂಕವಿಲ್ಲದ ಪೊಟ್ಟಣದಲ್ಲಿ ಎಷ್ಟು ಹಳೆಯ ಬೀಜವಿದೆಯೆಂದು ತಿಳಿಯುವ ದಾರಿಯೇ ಇಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕ ಇಶಾ' ತಳಿಯನ್ನು ಹಲವು ಬಾರಿ ಕೊಯ್ಯಬಹುದು. ಅದು ಸಿಕ್ಕಿದರೆ ಬೇರೆಯದನ್ನು ಹುಡುಕಬೇಡಿ. ದಿನಸಿ ಅಂಗಡಿಯ ಕಾಳೂ ಮೊಳೆಯುತ್ತದೆ, ಆದರೆ ಮೊದಲು ಇಪ್ಪತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎರಡು ವಾರ ನೋಡಿ. ಹತ್ತು ಕೂಡ ಮೊಳೆಯದಿದ್ದರೆ ಅದನ್ನು ಸಾರಿನ ಪುಡಿಗೆ ಇಟ್ಟುಕೊಳ್ಳಿ. ಗುಲಾಬಿ ಬಣ್ಣ ಬಳಿದ ಬೀಜಕ್ಕೆ ಔಷಧಿ ಸವರಿರುತ್ತಾರೆ. ಅದು ಅಡುಗೆಮನೆಯ ಡಬ್ಬಿಯ ಹತ್ತಿರವೂ ಬರಬಾರದು.

ಇನ್ನು ಹೆಚ್ಚಿನವರು ಕೆಡಿಸುವ ಘಟ್ಟ. ನಾವು ಕೊತ್ತಂಬರಿ ಕಾಳು ಎಂದು ಕರೆಯುವುದು ಒಂದು ಬೀಜವಲ್ಲ, ಅದು ಒಣಗಿದ ಕಾಯಿ. ಅದರೊಳಗೆ ಎರಡು ಬೀಜಗಳು ಮುಖಕ್ಕೆ ಮುಖ ಕೊಟ್ಟು ಕುಳಿತಿರುತ್ತವೆ. ಇಡೀ ಕಾಳೂ ಮೊಳೆಯಬಹುದು, ಆದರೆ ಗಟ್ಟಿ ಸಿಪ್ಪೆಯೊಳಗೆ ನೀರು ಇಳಿಯಲು ತಡವಾಗುತ್ತದೆ. ಬಂದರೂ ಎರಡು ಸಸಿಗಳು ಒಂದೇ ಕುಳಿಯಲ್ಲಿ ಎದ್ದು ಒಂದನ್ನೊಂದು ನುಂಗುತ್ತವೆ. ಆದ್ದರಿಂದ ಕಾಳನ್ನು ಎರಡು ಹೋಳು ಮಾಡಬೇಕು, ಪುಡಿ ಮಾಡಬಾರದು. ಒರಳಿಗೆ ಹಾಕಿ ಕುಟ್ಟುವುದು, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸುವುದು ಎರಡೂ ತಪ್ಪು, ಅರ್ಧದಷ್ಟು ಬೀಜ ಜಜ್ಜಿಹೋಗುತ್ತದೆ. ಗಟ್ಟಿ ನೆಲದ ಮೇಲೆ ಗೋಣಿಚೀಲ ಹಾಸಿ, ಕಾಳನ್ನು ಒಂದೇ ಪದರವಾಗಿ ಹರಡಿ, ಮರದ ಮಣೆಯನ್ನು ಅದರ ಮೇಲಿಟ್ಟು, ಅಂಗೈಯ ಭಾರವನ್ನಷ್ಟೇ ಕೊಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜಿ. ಚಟಚಟ ಸದ್ದು ಕಡಿಮೆಯಾದಾಗ ನಿಲ್ಲಿಸಿ ಒಂದು ಹೋಳನ್ನು ಬೆಳಕಿಗೆ ಹಿಡಿದು ನೋಡಿ: ಹೊರಬದಿ ಗೆರೆಗೆರೆಯಾಗಿ ಉಬ್ಬಿರಬೇಕು, ಒಳಬದಿ ಪುಟ್ಟ ದೋಣಿಯಂತೆ ತಗ್ಗಾಗಿರಬೇಕು, ಅಂಚು ಒಡೆದಿರಬಾರದು. ಕೈಗೆ ಹಳದಿ ಹಿಟ್ಟು ಅಂಟಿದರೆ ಒತ್ತಡ ಹೆಚ್ಚಾಗಿದೆ ಎಂದು ಅರ್ಥ.

ಹೋಳುಗಳನ್ನು ಮೊರದಲ್ಲಿ ಕೇರಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ನೀರು ಬಸಿದು, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಒಂದು ದಿನ ನೆರಳಿನಲ್ಲಿ ಇಡಿ. ಗಂಟು ತೇವವಾಗಿರಲಿ, ನೀರು ತೊಟ್ಟಿಕ್ಕದಿರಲಿ. ಮೊಳಕೆ ಉದ್ದವಾಗುವವರೆಗೆ ಕಾದರೆ ಬಿತ್ತುವಾಗ ಮುರಿಯುತ್ತದೆ. ಬಿತ್ತುವ ಹೊತ್ತಿಗೆ ಒಂದು ಹಿಡಿ ಒಲೆಯ ತಣ್ಣನೆಯ ಬೂದಿ ಬೆರೆಸಿದರೆ ಹೋಳುಗಳು ಒಂದಕ್ಕೊಂದು ಅಂಟುವುದಿಲ್ಲ.

ಮಡಿಯಲ್ಲಿ ಒಂದು ಅಂಗೈ ಅಗಲಕ್ಕಿಂತ ತುಸು ಹೆಚ್ಚು ಅಂತರದಲ್ಲಿ ಗೀರು ಎಳೆದು, ಎರಡು ಬೆರಳಗಲಕ್ಕೆ ಒಂದರಂತೆ ಹೋಳು ಉದುರಿಸಿ, ಒಂದು ಸೆಂಟಿಮೀಟರ್ ಮಣ್ಣು ಮುಚ್ಚಿ. ತಟ್ಟೆಯಲ್ಲಿ ಸಸಿ ಮಾಡಿ ಕಿತ್ತು ನೆಡುವುದನ್ನು ನಾನು ಒಪ್ಪುವುದಿಲ್ಲ, ತಾಯಿಬೇರು ಅಲುಗಿದ ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ. ಮೇಲೆ ತೆಳ್ಳಗೆ ಭತ್ತದ ಹುಲ್ಲು ಹೊದಿಸಿ, ಕೋಳಿಗಳಿರುವ ಮನೆಯಾದರೆ ಅದರ ಮೇಲೆ ಮುಳ್ಳಿನ ಕೊಂಬೆ ಹಾಕಿ.

ಮುಂದಿನ ಹತ್ತು ಹದಿನೈದು ದಿನ ತಾಳ್ಮೆ ಬೇಕು. ಮಡಿಕೇರಿಯ ಚಳಿಯಲ್ಲಿ ಇನ್ನೂ ನಾಲ್ಕು ದಿನ ಹಿಡಿಯಬಹುದು. ಸಣ್ಣ ತೂತಿನ ಕ್ಯಾನಿನಲ್ಲಿ ಬೆಳಿಗ್ಗೆ ಒಮ್ಮೆ ನೀರು ಚಿಮುಕಿಸಿದರೆ ಸಾಕು. ಪೈಪಿನ ನೀರು ಬೀಜವನ್ನು ಮಡಿಯ ಮೂಲೆಗೆ ತಳ್ಳಿ, ಮೇಲ್ಮಣ್ಣನ್ನು ಹಪ್ಪಳದಂತೆ ಗಟ್ಟಿಮಾಡುತ್ತದೆ. ಮೊದಲ ಹಸಿರು ಕಂಡ ಸಂಜೆಯೇ ಹುಲ್ಲು ತೆಗೆದುಬಿಡಿ. ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ: ಮೊದಲು ಏಳುವ ಜೋಡಿ ಎಲೆಗಳು ಉದ್ದವಾಗಿ, ಕಿರಿದಾಗಿ ಇರುತ್ತವೆ, ಕೊತ್ತಂಬರಿಯ ಹೋಲಿಕೆಯೇ ಇರುವುದಿಲ್ಲ. ಕಳೆದ ವರ್ಷ ನಮ್ಮ ಪಕ್ಕದ ಮನೆಯ ಅಕ್ಕ ಚೆನ್ನಾಗಿ ಬಂದಿದ್ದ ಒಂದಿಡೀ ಸಾಲನ್ನು ಕಳೆಯೆಂದು ಕಿತ್ತಿದ್ದರು; ಬೇರನ್ನು ಮೂಸಿ ನೋಡಿದಾಗಲೇ ಅವರಿಗೆ ತಿಳಿದದ್ದು. ಸೀಳು ಸೀಳಾದ ಮೂರನೆಯ ಎಲೆ ಬರುವವರೆಗೆ ಮಡಿಯಲ್ಲಿ ಏನನ್ನೂ ಕೀಳಬೇಡಿ.

ಆಮೇಲಿನದು ಸುಲಭ. ದಟ್ಟವಾದಲ್ಲಿ ಸಸಿ ತೆಗೆದು ಚಟ್ನಿಗೆ ಹಾಕಿ, ಇಪ್ಪತ್ತನೆಯ ದಿನದ ಹೊತ್ತಿಗೆ ಹತ್ತು ಪಾಲು ನೀರಿಗೆ ಒಂದು ಪಾಲು ಗಂಜಲ ಬೆರೆಸಿ ಬುಡಕ್ಕೆ ಹಾಕಿ. ಬಸವನಹುಳುಗಳನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ನಲವತ್ತು ದಿನಗಳ ಹೊತ್ತಿಗೆ ಸೊಪ್ಪು ಕೊಯ್ಲಿಗೆ ಬರುತ್ತದೆ. ಬೇರುಸಹಿತ ಕೀಳದೆ, ನಡುವಿನ ಸುಳಿಯನ್ನು ಉಳಿಸಿ, ಹೊರಗಿನ ದಂಟುಗಳನ್ನು ಕತ್ತರಿಯಿಂದ ಕತ್ತರಿಸಿ. ಎರಡು ವಾರಕ್ಕೊಮ್ಮೆ ಅರ್ಧ ಮಡಿಯಷ್ಟೇ ಬಿತ್ತುತ್ತ ಹೋದರೆ ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ ಮೊದಲ ಕೊಯ್ಲು ಕೈಗೆ ಬಂದು, ಬೇಸಗೆಯ ಆರಂಭದವರೆಗೆ ಸೊಪ್ಪು ತಪ್ಪುವುದಿಲ್ಲ. ಮಾರ್ಚ್‌ನ ಬಿಸಿಲಿಗೆ ಗಿಡ ಹೂ ಬಿಟ್ಟಾಗ ನಾಲ್ಕಾರು ಗಿಡಗಳನ್ನು ಜೇನುಹುಳುಗಳಿಗೆ ಬಿಡಿ. ಕಾಳು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಬೇಸಗೆಯ ಮಳೆಗೆ ತೋಯುವ ಮೊದಲು ಗೊಂಚಲು ಕತ್ತರಿಸಿ, ನೆರಳಿನಲ್ಲಿ ಒಣಗಿಸಿ, ಗಾಜಿನ ಬಾಟಲಿಯಲ್ಲಿ ತುಂಬಿ ವರ್ಷವನ್ನು ಚೀಟಿಯಲ್ಲಿ ಬರೆದು ಅಂಟಿಸಿ.