ಮಣಿಕಟ್ಟನ್ನು ಬಿಟ್ಟು ಕತ್ತಿನತ್ತ: ಸಿಐಡಿಪಿಯಲ್ಲಿ ನರದ ಅಲ್ಟ್ರಾಸೌಂಡ್, ನನ್ನ ಅನುಭವ

ಸಿಐಡಿಪಿ (ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಹೊದಿಕೆಯನ್ನು ಕೆಡಿಸಿ, ನರಗಳನ್ನು ದಪ್ಪವಾಗಿಸಿ, ಕೈಕಾಲುಗಳ ಬಲ ಕುಂದಿಸುವ ದೀರ್ಘಕಾಲದ ಕಾಯಿಲೆ) ರೋಗಿಗಳ ನರಗಳನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದು ರೋಗನಿರ್ಣಯಕ್ಕೆ ಬಳಸಬಹುದೆಂದು ನಾನು ಹೇಳಿದಾಗ ಬೆಂಗಳೂರಿನ ನನ್ನ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ನರದಲ್ಲಿ ವಿದ್ಯುತ್ ಸಂಕೇತ ಹರಿಯುವ ಬಗೆಯನ್ನು ಅಳೆಯುವ ಎನ್‌ಸಿಎಸ್ ಪರೀಕ್ಷೆ ಇರುವಾಗ ಇದೇಕೆ, ಅಳೆಯುವ ಕೈ ಬದಲಾದರೆ ಅಂಕಿಯೂ ಬದಲಾಗುತ್ತದಲ್ಲವೇ ಎಂಬುದು ಅವರ ಆಕ್ಷೇಪವಾಗಿತ್ತು. ಈಗ ಅವರಲ್ಲೇ ಹಲವರು ಅನುಮಾನದ ರೋಗಿಗಳನ್ನು ನನ್ನ ಬಳಿಗೆ ಕಳುಹಿಸುತ್ತಾರೆ.

ಮೊದಲು ಎಂಆರ್‌ಐಯನ್ನೇ ನೆಚ್ಚಿಕೊಂಡಿದ್ದೆವು. ಕತ್ತು ಭುಜಕ್ಕೆ ಕೂಡುವ ತಿರುವಿನಲ್ಲಿ ಕೊಬ್ಬಿನ ಸಂಕೇತ ಸರಿಯಾಗಿ ಅಡಗುತ್ತಿರಲಿಲ್ಲ. ಉಸಿರಾಟದ ಚಲನೆಯಿಂದ ಕತ್ತಿನಿಂದ ತೋಳಿಗೆ ಹೋಗುವ ನರಗಳ ಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್ ಮಸುಕಾಗುತ್ತಿತ್ತು. ಹತ್ತು ಹನ್ನೆರಡು ಸಾವಿರ ರೂಪಾಯಿ ತೆತ್ತು ಕೋಲಾರದಿಂದ ಬಂದವರಿಗೆ ಇನ್ನೊಮ್ಮೆ ಮಾಡಿಸಿ ಎನ್ನಲು ಬಾಯಿ ಬರುತ್ತಿರಲಿಲ್ಲ. ಅತ್ತ ಈ ರೋಗಕ್ಕೆ ರಕ್ತನಾಳದ ಮೂಲಕ ಕೊಡುವ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಐವಿಐಜಿಯ ಲೆಕ್ಕವೂ ಸಣ್ಣದಲ್ಲ: ಕಿಲೋಗೆ 2 ಗ್ರಾಂನಂತೆ 60 ಕಿಲೋ ತೂಕದವರಿಗೆ 120 ಗ್ರಾಂ, ಅಂದರೆ 5 ಗ್ರಾಂನ 24 ಬಾಟಲಿ, ಸುಮಾರಾಗಿ ಎರಡು ಮೂರು ಲಕ್ಷ. ಅಷ್ಟು ಹಣವನ್ನು ಕುಟುಂಬವೊಂದು ಹೊಂದಿಸುವ ಮೊದಲು ನಿರ್ಣಯ ಗಟ್ಟಿಯಾಗಿರಬೇಕು ಎಂಬುದೇ ನನ್ನನ್ನು ಅಲ್ಟ್ರಾಸೌಂಡಿಗೆ ತಂದದ್ದು.

18 ಮೆಗಾಹರ್ಟ್ಸ್ ಲೀನಿಯರ್ ಪ್ರೋಬ್ ಒಂದಕ್ಕೇ ಐದಾರು ಲಕ್ಷವಾಯಿತೆಂದು ನೆನಪು. ನರವನ್ನಷ್ಟೇ ನೋಡುವ ಯಂತ್ರಕ್ಕೂ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ನೋಂದಣಿ ಬೇಕು. ಪ್ರಮಾಣಪತ್ರ ಕೈಸೇರುವವರೆಗೆ ಯಂತ್ರವನ್ನು ಮುಟ್ಟದೆಯೇ ಬ್ಯಾಂಕಿನ ಕಂತು ಕಟ್ಟಿದೆ.

ಆರಂಭದಲ್ಲಿ ಮಣಿಕಟ್ಟಿನಲ್ಲೂ ಮೊಣಕೈಯಲ್ಲೂ ತೆಗೆದ ಅಳತೆಗಳು ಏನನ್ನೂ ಬೇರ್ಪಡಿಸಲಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ಬಟ್ಟೆ ಒಗೆದು ಹಿಂಡುವ ಕೈಗಳಲ್ಲಿ ಮಣಿಕಟ್ಟಿನಲ್ಲಿ ಮೀಡಿಯನ್ ನರ, ಮೊಣಕೈಯಲ್ಲಿ ಅಲ್ನಾರ್ ನರ (ಇವೆರಡೂ ತೋಳಿನುದ್ದಕ್ಕೂ ಬೆರಳುಗಳಿಗೆ ಹೋಗುವ ನರಗಳು) ಒತ್ತಡದಿಂದಲೇ ದಪ್ಪವಾಗಿರಬಹುದು. ಆ ಜಾಗಗಳನ್ನು ಕೈಬಿಟ್ಟು, ಮುಂಗೈಯ ನಡುಭಾಗ, ಮೇಲ್ತೋಳು, ಅನಂತರ ಕತ್ತಿನ ಸ್ಕೇಲೀನ್ ಸ್ನಾಯುಗಳ ನಡುವಿನ ಟ್ರಂಕ್‌ಗಳು (ನರಬೇರುಗಳು ಕೂಡಿ ಆಗುವ ಕಾಂಡಗಳು) ಮತ್ತು ಕತ್ತಿನಲ್ಲಿ ಬೆನ್ನುಹುರಿಯಿಂದ ಹೊರಡುವ ಸಿ5ರಿಂದ ಸಿ7ರ ನರಬೇರುಗಳು ಎಂದು ಮೇಲಕ್ಕೆ ಹೋದಾಗಲೇ ರೋಗ ಕಾಣತೊಡಗಿತು. 2021ರ ಯುರೋಪಿಯನ್ ಮಾರ್ಗಸೂಚಿಯಲ್ಲಿ ನರದ ಅಡ್ಡಕೊಯ್ತದ ವಿಸ್ತೀರ್ಣದ ಮಿತಿಗಳು ಇದೇ ಕ್ರಮದಲ್ಲಿ 10, 13, 9 ಮತ್ತು 12 ಚದರ ಮಿ.ಮೀ.; ಕನಿಷ್ಠ ಎರಡು ಕಡೆ ಮೀರಿರಬೇಕು. ಎನ್‌ಸಿಎಸ್ 'ಸಾಧ್ಯತೆ'ಯಲ್ಲೇ ನಿಂತ ರೋಗಿಗಳಲ್ಲಿ ಈ ಆಧಾರಕ್ಕೆ ನಿಜವಾದ ಬೆಲೆಯಿದೆ. ಕತ್ತಿನ ಏಳನೇ ಮೂಳೆ ಸಿ7ರ ಅಡ್ಡ ಚಾಚಿಗೆ (ಪಕ್ಕಕ್ಕೆ ಚಾಚಿದ ಭಾಗಕ್ಕೆ) ಮುಂದಿನ ಗುಬುಟು ಇರುವುದಿಲ್ಲವಾದ್ದರಿಂದ ಅದನ್ನು ಮೊದಲು ಹುಡುಕಿ ಅಲ್ಲಿಂದ ಮೇಲಕ್ಕೆ ಎಣಿಸುತ್ತೇನೆ. ಅಳತೆಯ ಗೆರೆಯನ್ನು ನರದ ಹೊರಗಿನ ಬಿಳಿ ಅಂಚಿನ ಒಳಗೇ ಎಳೆಯಬೇಕು. ಭುಜದ ಭಂಗಿ ಮತ್ತು ಗೇನ್ (ಚಿತ್ರದ ಹೊಳಪು) ಹೊಂದಿಸುವುದರಲ್ಲಿ ನನ್ನದೇ ಒಂದು ಕ್ರಮವಿದೆ. ಅದನ್ನು ಪಕ್ಕದಲ್ಲಿ ನಿಂತು ಕಲಿಯುವವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ ರಕ್ತದ ಹರಿವನ್ನು ತೋರಿಸುವ ಪವರ್ ಡಾಪ್ಲರ್ ಹಿಡಿದು ಬೇರೊಂದು ದಾರಿಗೂ ಹೋದೆ. ನಮ್ಮಲ್ಲಿ ದಪ್ಪ ನರ ಕಂಡಕೂಡಲೇ ಕುಷ್ಠವನ್ನು ನೆನೆಯದಿರುವಂತಿಲ್ಲ. ಅಲ್ನಾರ್ ನರ ಮೊಣಕೈಗಿಂತ ತುಸು ಮೇಲೆ ಥಟ್ಟನೆ ಉಬ್ಬಿ, ಒಳಗೆ ರಕ್ತದ ಹರಿವು ಕಂಡರೆ ಆ ರೋಗಿಯ ಚರ್ಮವನ್ನು ಮತ್ತೆ ಪರೀಕ್ಷಿಸುತ್ತೇನೆ. ಉದ್ದಕ್ಕೂ ಒಂದೇ ಸಮನೆ ದಪ್ಪವಿದ್ದರೆ ವಂಶಪಾರಂಪರ್ಯವಾಗಿ ಬರುವ ನರರೋಗ ಸಿಎಂಟಿ1ಎ ಇರಬಹುದೆಂದು ಮನೆಯವರ ಪಾದಗಳನ್ನೂ ನೋಡುತ್ತೇನೆ. ಈ ಎರಡರಲ್ಲೂ ಐವಿಐಜಿಗೆ ಹೋಗಬಹುದಾಗಿದ್ದ ಹಣ ಉಳಿದ ಕುಟುಂಬಗಳಿವೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಚಿಕಿತ್ಸೆಯ ಫಲವನ್ನು ಅಳೆಯಲು ಮಾತ್ರ ಇದು ನನಗೆ ಒದಗಲಿಲ್ಲ. ಹಿಡಿತದ ಬಲ ಚೆನ್ನಾಗಿ ಮರಳಿದವರಲ್ಲೂ ನರಗಳು ತಿಂಗಳುಗಟ್ಟಲೆ ದಪ್ಪವಾಗಿಯೇ ಉಳಿದವು. ಆದ್ದರಿಂದ ಮುಂದಿನ ಡೋಸನ್ನು ಈಗಲೂ ಹಿಡಿತದ ಬಲ ಅಳೆಯುವ ಡೈನಮೋಮೀಟರ್ ಮತ್ತು ದಿನನಿತ್ಯದ ಕೆಲಸಗಳ ಸಾಮರ್ಥ್ಯ ಅಳೆಯುವ ಐ-ರಾಡ್ಸ್ ಪ್ರಶ್ನಾವಳಿಯ ಅಂಕ ನೋಡಿಯೇ ನಿರ್ಧರಿಸುತ್ತೇನೆ.