ಚರ್ಚಿಲ್ ಸೋತ ಉಪಚುನಾವಣೆಯನ್ನು ತರಗತಿಯಲ್ಲಿ ಪಾಠ ಮಾಡಿದ ಬಗೆ

ಪದವಿ ವಿದ್ಯಾರ್ಥಿಗಳಿಗೆ ಬ್ರಿಟನ್ನಿನ ಸಂಸದೀಯ ಇತಿಹಾಸವನ್ನು ಕನ್ನಡದಲ್ಲಿ ಹೇಳುವಾಗ ಕಾಯಿದೆಗಳ ಪಟ್ಟಿಯನ್ನು ಬದಿಗಿಟ್ಟು, 1908ರ ಏಪ್ರಿಲ್ 24ರಂದು ನಡೆದ ವಾಯವ್ಯ ಮ್ಯಾಂಚೆಸ್ಟರ್ ಉಪಚುನಾವಣೆಯೊಂದನ್ನೇ ಹಿಡಿದು ಹೊರಟೆ.

ಗೆದ್ದು ಎರಡೇ ವರ್ಷವಾಗಿದ್ದ ಲಿಬರಲ್ ಪಕ್ಷದ ವಿನ್‌ಸ್ಟನ್ ಚರ್ಚಿಲ್ ಮತ್ತೆ ಮತ ಕೇಳಬೇಕಾಗಿ ಬಂದದ್ದೇಕೆ ಎಂಬುದನ್ನು ಮೊದಲು ಬಿಡಿಸಬೇಕಿತ್ತು. ನಮ್ಮಲ್ಲಿ ಸದನದ ಸದಸ್ಯರಲ್ಲದವರು ಮಂತ್ರಿಯಾದರೆ ಆರು ತಿಂಗಳೊಳಗೆ ಸದಸ್ಯರಾಗಬೇಕು. ಅಲ್ಲಿ ಆಗ ಸದಸ್ಯರಾಗಿದ್ದವರೂ ಸಂಪುಟ ಸೇರಿದೊಡನೆ ಮರಳಿ ಆಯ್ಕೆಯಾಗಬೇಕಿತ್ತು. ಪ್ರಧಾನಿ ಆಸ್ಕ್ವಿತ್ ಸಂಪುಟದಲ್ಲಿ ವ್ಯಾಪಾರ ಮಂಡಳಿಯ ಅಧ್ಯಕ್ಷರಾದ, ಎಂದರೆ ವಾಣಿಜ್ಯ ಮಂತ್ರಿಯಾದ ಚರ್ಚಿಲ್ ಈ ನಿಯಮಕ್ಕೆ ಸಿಕ್ಕಿದರು.

ಬಳಿಕ ಕಪ್ಪುಹಲಗೆಯ ಮೇಲೆ ಅಂಕಿಗಳನ್ನು ಬರೆದೆ. 1906ರಲ್ಲಿ ಚರ್ಚಿಲ್ 5,639, ಕನ್ಸರ್ವೇಟಿವ್ ಪಕ್ಷದ ಜಾಯ್ನ್‌ಸನ್-ಹಿಕ್ಸ್ 4,398. 1908ರಲ್ಲಿ ಹಿಕ್ಸ್ 5,417, ಚರ್ಚಿಲ್ 4,988, ಸಮಾಜವಾದಿ ಡ್ಯಾನ್ ಅರ್ವಿಂಗ್ 276. ಮತ ಒಡೆದದ್ದರಿಂದಲೇ ಸೋಲು ಎಂಬ ಉತ್ತರ ತಕ್ಷಣ ಬರುತ್ತದೆ. ಆದರೆ ಗೆಲುವಿನ ಅಂತರ 429. ಅರ್ವಿಂಗ್‌ರ ಅಷ್ಟೂ ಮತ ಚರ್ಚಿಲ್‌ಗೆ ಬಿದ್ದಿದ್ದರೂ ಸಾಲುತ್ತಿರಲಿಲ್ಲ. ಚರ್ಚಿಲ್ ಕಳೆದುಕೊಂಡದ್ದು 651, ಹಿಕ್ಸ್ ಹೆಚ್ಚಿಸಿಕೊಂಡದ್ದು 1,019 ಎಂಬುದನ್ನು ವಿದ್ಯಾರ್ಥಿಗಳೇ ಕಳೆದು ನೋಡಿದ ಮೇಲೆ ಚರ್ಚೆಗೆ ಕಳೆ ಬಂತು.

ಮತದ ಹಕ್ಕಿಲ್ಲದ ಮಹಿಳೆಯರು ಈ ಕಣದಲ್ಲಿ ಮಾಡಿದ ಕೆಲಸಕ್ಕೆ ನಾನು ಬೇಕೆಂದೇ ಹೆಚ್ಚು ಹೊತ್ತು ಕೊಟ್ಟೆ. ಮತದ ಹಕ್ಕಿಗಾಗಿ ಹೋರಾಡುತ್ತಿದ್ದ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಅವರ ಸಂಘಟನೆ ಸರ್ಕಾರದ ಅಭ್ಯರ್ಥಿಗಳನ್ನೆಲ್ಲ ವಿರೋಧಿಸುತ್ತಿತ್ತು. ಅದೇ ಹಕ್ಕಿನ ಹೋರಾಟಗಾರ್ತಿಯರಾದ ಇವಾ ಗೋರ್-ಬೂತ್ ಮತ್ತು ಎಸ್ತರ್ ರೋಪರ್ ಅವರ ದಾರಿಯೇ ಬೇರೆ: ಸರ್ಕಾರದ ಮದ್ಯ ಪರವಾನಗಿ ಮಸೂದೆಯಿಂದ ಪಾನಗೃಹಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಕೆಲಸಕ್ಕೆ ಕುತ್ತು ಬರುತ್ತದೆಂದು ಅವರು ಪ್ರಚಾರ ನಡೆಸಿದರು. ಇವಾ ಅವರ ಅಕ್ಕ ಕಾನ್‌ಸ್ಟನ್ಸ್ ಮಾರ್ಕಿವಿಚ್ ನಾಲ್ಕು ಕುದುರೆಗಳ ಗಾಡಿಯನ್ನು ತಾವೇ ಓಡಿಸಿಕೊಂಡು ಬಂದರು. ಅಡುಗೆ ಮಾಡಲು ಬರುತ್ತದೆಯೇ ಎಂದು ಗುಂಪಿನಲ್ಲಿದ್ದವನೊಬ್ಬ ಕೆಣಕಿದಾಗ, ಬರುತ್ತದೆ, ನಿನಗೆ ನಾಲ್ಕು ಕುದುರೆಗಳ ಗಾಡಿ ಓಡಿಸಲು ಬರುತ್ತದೆಯೇ ಎಂದು ಕೇಳಿದರಂತೆ. ಹಿಂದಿನ ಬೆಂಚಿನವರೂ ತಲೆಯೆತ್ತಿದ್ದು ಇಲ್ಲಿ.

ಹಾಗೆಂದು ಮಹಿಳೆಯರೇ ಚರ್ಚಿಲ್‌ರನ್ನು ಸೋಲಿಸಿದರು ಎಂಬ ಜನಪ್ರಿಯ ಮಾತನ್ನು ನಾನು ಪೂರ್ತಿ ಒಪ್ಪಿ ಹೇಳಲಿಲ್ಲ. ಚರ್ಚಿಲ್ ಸ್ವತಃ ಮುಂದೆ ತಮ್ಮ ಪತ್ನಿಯಾದ ಕ್ಲೆಮೆಂಟೈನ್‌ಗೆ ಬರೆದ ಪತ್ರದಲ್ಲಿ ದೂರಿದ್ದು ಕೊನೆಗಳಿಗೆಯಲ್ಲಿ ಕೈಬಿಟ್ಟ ಐರಿಶ್ ಕ್ಯಾಥೊಲಿಕರನ್ನು. ಅದೇ ವರ್ಷದ ಜನವರಿಯಲ್ಲಿ ಮಿಡ್ ಡೆವನ್, ಮಾರ್ಚ್‌ನಲ್ಲಿ ಪೆಕಮ್ ಕ್ಷೇತ್ರಗಳೂ ಲಿಬರಲ್ಲರ ಕೈತಪ್ಪಿದ್ದವು. ಗಾಳಿ ಬೀಸುತ್ತಿದ್ದ ದಿಕ್ಕೇ ಅವರಿಗೆ ವಿರುದ್ಧವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಈ ಸೋಲಿನ ಬಳಿಕ ಮೇ 9ರಂದು ಸ್ಕಾಟ್ಲೆಂಡಿನ ಡಂಡಿಯ ಉಪಚುನಾವಣೆಯಲ್ಲಿ ಚರ್ಚಿಲ್ 7,079 ಮತ ಪಡೆದು ಗೆದ್ದರು. ಮೂವರು ಎದುರಾಳಿಗಳಿಗೆ ಬಿದ್ದದ್ದು 4,370, 4,014 ಮತ್ತು 655. ಈ ಅಂಕಿಗಳನ್ನು ನಾನು ಮನೆಗೆಲಸವಾಗಿ ಕೊಡುತ್ತೇನೆ. ಮ್ಯಾಂಚೆಸ್ಟರಿನಲ್ಲಿ ನಿಲ್ಲದ ಮತ ವಿಭಜನೆಯ ವಾದ ಇಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಅವರೇ ಬರೆದು ತರಬೇಕು.